ನೂರ ನಲವತ್ಮೂರು ಮಂದಿಯನ್ನು ಕಳಿಸಿಕೊಟ್ಟವರು

ಶಿಡ್ಲಘಟ್ಟದಿಂದ ಚಿಂತಾಮಣಿಯವರೆಗೆ, ಈ ಕಡೆ ಚಿಕ್ಕಬಳ್ಳಾಪುರ ದಾಟಿ ಗೌರಿಬಿದನೂರಿನವರೆಗೆ, ಮುನೇಶ್ ಬಂದು ನಾಲ್ಕು ಮಾತಾಡದೆ ಯಾರ ನಿವೃತ್ತಿಯೂ ಪೂರ್ತಿಯಾದಂತಲ್ಲ ಎಂಬ ನಂಬಿಕೆ ಬಹುಕಾಲ ಇತ್ತು. ಮೇಷ್ಟ್ರು, ಪೋಸ್ಟ್‌ಮನ್, ಲೈನ್‌ಮನ್, ಪಶು ಆಸ್ಪತ್ರೆಯ ಕಾಂಪೌಂಡರ್, ಅರವತ್ತು ತುಂಬುವವರು ಯಾರೇ ಆಗಲಿ, ಶಾಮಿಯಾನದವನಿಗೂ ಅಡುಗೆಯವನಿಗೂ ಹೇಳುವ ಮುಂಚೆ ಮುನೇಶರಿಗೆ ಫೋನ್ ಮಾಡಿ, "ಆ ದಿನ ಖಾಲಿ ಇದ್ದೀರಾ ಸಾರ್?" ಎಂದು ಕೇಳಿಕೊಂಡು ಆಮೇಲೆ ಉಳಿದ ಏರ್ಪಾಡು ಮಾಡುತ್ತಿದ್ದರು.

ಮುನೇಶರು ಐದಡಿ ನಾಲ್ಕಂಗುಲ. ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಹೆಂಡತಿ ಗೌತಮಿ ಇಸ್ತ್ರಿ ಮಾಡಿಕೊಟ್ಟ ಬಿಳಿ ಕರವಸ್ತ್ರ. ಮೈಕಿನ ಮುಂದೆ ನಿಂತರೆ ಅವರು ಏಳಡಿ ಬೆಳೆಯುತ್ತಿದ್ದರು. ಮೊದಲ ಎರಡು ನಿಮಿಷ ತಮಾಷೆ, ಆಮೇಲೆ ನಿವೃತ್ತರ ಬಾಲ್ಯ, ಐದನೇ ನಿಮಿಷಕ್ಕೆ ಅವರ ತಾಯಿ. ಅಷ್ಟರಲ್ಲಿ ಸಭೆಯ ಮುಂದಿನ ಸಾಲು ಒದ್ದೆ. ಕೊನೆಗೆ ಆ ಕರವಸ್ತ್ರವನ್ನು ತೆಗೆದು ನಿವೃತ್ತರ ಕೈಗೆ ಮೆಲ್ಲಗೆ ಇಡುತ್ತಿದ್ದರು. ಅದು ಬ್ರಹ್ಮಾಸ್ತ್ರ. ಅದಕ್ಕೆ ಎದುರು ನಿಂತು ಅಳದೆ ಉಳಿದ ವೀರ ಈ ನಾಲ್ಕು ತಾಲ್ಲೂಕುಗಳಲ್ಲಿ ಹುಟ್ಟಿರಲಿಲ್ಲ. ಚಿಂತಾಮಣಿಯ ಒಬ್ಬ ಬಸ್ ಕಂಡಕ್ಟರರ ಬೀಳ್ಕೊಡುಗೆಯಲ್ಲಿ, "ಮೂವತ್ತೈದು ವರ್ಷ ನಮಗೆಲ್ಲ ಮುಂದೆ ಹೋಗಿ, ಮುಂದೆ ಹೋಗಿ ಅಂದವರು ಇವತ್ತು ತಾವೇ ಇಳೀತಾ ಇದ್ದಾರೆ" ಎಂದು ಮುನೇಶರು ಹೇಳಿದಾಗ, ಆ ಕಂಡಕ್ಟರರನ್ನು ವೇದಿಕೆಯಿಂದ ಇಳಿಸಲು ಇಬ್ಬರು ಡ್ರೈವರುಗಳು ಬೇಕಾದರು.

ಹೀಗೆ ಮುನೇಶರು ಒಟ್ಟು ನೂರ ನಲವತ್ಮೂರು ಮಂದಿಯನ್ನು ಮನೆಗೆ ಕಳಿಸಿಕೊಟ್ಟಿದ್ದರು. ಕಳಿಸಲು ಆಗದೆ ಉಳಿದವರು ಒಬ್ಬರೇ. ಆ ಒಬ್ಬರು ಅವರ ಮೇಲಧಿಕಾರಿ.

ಮುನೇಶರು ಕೆಲಸ ಮಾಡುತ್ತಿದ್ದದ್ದು ಶಿಡ್ಲಘಟ್ಟದ ಆಚೆ, ರೇಷ್ಮೆ ಬೆಳೆಗಾರರ ಒಂದು ಸಂಘ ನಡೆಸುವ ಚಾಕಿ ಕೇಂದ್ರದಲ್ಲಿ. ಚಾಕಿ ಕೇಂದ್ರ ಎಂದರೆ ರೇಷ್ಮೆಹುಳುಗಳ ಬಾಲವಾಡಿ. ಮೊಟ್ಟೆಯಿಂದ ಆಗತಾನೆ ಹೊರಬಂದ, ಇರುವೆಗಿಂತ ಸಣ್ಣ ಹುಳುಗಳಿಗೆ ಎಳೆಯ ಹಿಪ್ಪುನೇರಳೆ ಸೊಪ್ಪನ್ನು ಹೆಚ್ಚಿ ತಿನ್ನಿಸಿ, ಎರಡು ಜ್ವರ ದಾಟಿಸಿ ರೈತರ ಕೈಗೆ ಕೊಡುವ ಜಾಗ. ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಮೇವು ಬಿಟ್ಟು, ತಲೆಯೆತ್ತಿಕೊಂಡು ಸುಮ್ಮನೆ ಕೂತು, ಹಳೆಯ ಚರ್ಮ ಕಳಚಿಕೊಳ್ಳುವ ಹೊತ್ತು. ಪ್ರತಿ ಜ್ವರ ಎದ್ದಾಗಲೂ ಹುಳು ಒಂದು ದರ್ಜೆ ಮೇಲೇರುತ್ತದೆ. ಇಪ್ಪತ್ತೈದು ದಿನದ ಬಾಳಿನಲ್ಲಿ ಅದಕ್ಕೆ ನಾಲ್ಕು ಬಡ್ತಿ. ಅದನ್ನು ಸಾಕುವ ಮುನೇಶರಿಗೆ ಮೂವತ್ಮೂರು ವರ್ಷದಲ್ಲಿ ಎರಡು.

ಎರಡನೆಯ ಬಡ್ತಿ ಬಂದು ಸಹಾಯಕ ವ್ಯವಸ್ಥಾಪಕರಾದದ್ದು ಎರಡು ಸಾವಿರದ ಎರಡರಲ್ಲಿ. ಅಲ್ಲಿಂದ ಮುಂದಿನ ಮೆಟ್ಟಿಲು ಒಂದೇ, ವ್ಯವಸ್ಥಾಪಕರ ಕುರ್ಚಿ. ಆ ಕುರ್ಚಿಯಲ್ಲಿ ಸಾವಿರದ ಒಂಬೈನೂರ ತೊಂಬತ್ತೇಳರಿಂದ ನರಸಿಂಹಪ್ಪನವರು ಕೂತಿದ್ದರು. ಕುರ್ಚಿಯ ಹಿಂದಿನ ಗೋಡೆಯಲ್ಲಿ ಒಂದು ಮರದ ಹಲಗೆ. ಅದರ ಮೇಲೆ ಹಳದಿ ಬಣ್ಣದಲ್ಲಿ ಇದುವರೆಗಿನ ವ್ಯವಸ್ಥಾಪಕರ ಹೆಸರುಗಳು. ಮೊದಲಿಬ್ಬರ ಹೆಸರಿನ ಮುಂದೆ ಬಂದ ವರ್ಷ, ಒಂದು ಅಡ್ಡಗೆರೆ, ಹೋದ ವರ್ಷ. ಮೂರನೆಯ ಸಾಲಿನಲ್ಲಿ ನರಸಿಂಹಪ್ಪ, ೧೯೯೭, ಒಂದು ಅಡ್ಡಗೆರೆ, ಆಮೇಲೆ ಏನೂ ಇಲ್ಲ. ಅದರ ಕೆಳಗೆ ನಾಲ್ಕನೆಯ ಸಾಲಿಗೆಂದು ಪೇಂಟರ್ ಬಿಟ್ಟ ಜಾಗ.

ಮುನೇಶರು ದಿನಕ್ಕೆ ಹತ್ತು ಸಲ ಸಹಿ ಹಾಕಿಸಲು ಆ ಕೋಣೆಗೆ ಹೋಗುತ್ತಿದ್ದರು. ನರಸಿಂಹಪ್ಪನವರು ಸಹಿ ಹಾಕುವಷ್ಟು ಹೊತ್ತೂ ಮುನೇಶರ ಕಣ್ಣು ಆ ಅಡ್ಡಗೆರೆಯ ತುದಿಯಲ್ಲಿ ನಿಂತಿರುತ್ತಿತ್ತು, ಬಾರದ ಬಸ್ಸಿಗೆ ಕಾದು ನಿಂತವರ ಹಾಗೆ.

ಅದು ಅವರೊಬ್ಬರ ಆಸೆಯಷ್ಟೇ ಆಗಿದ್ದರೆ ಮಾತು ಬೇರೆ. ಮುನೇಶರ ತಾಯಿ ಗಂಗುಲಮ್ಮನವರು ಅದೇ ಕೇಂದ್ರದಲ್ಲಿ ಸೊಪ್ಪು ಬಿಡಿಸುವ ಕೂಲಿಗೆ ಇದ್ದವರು. ಆ ಕಾಲದಲ್ಲಿ ಸೊಪ್ಪಿನ ಕುಕ್ಕೆಯನ್ನು ವ್ಯವಸ್ಥಾಪಕರ ಹೊಸ್ತಿಲಾಚೆಯೇ ಇಳಿಸಿ ಬರಬೇಕಿತ್ತು. ಅವರ ಕೇರಿಯವರು ಒಳಗೆ ಬರುವ ಪದ್ಧತಿ ಇರಲಿಲ್ಲ. ವಾರಕ್ಕೊಮ್ಮೆ ಧೂಳು ಹೊಡೆಯುವುದಕ್ಕೆ ಮಾತ್ರ ಪದ್ಧತಿ ಸಡಿಲವಾಗುತ್ತಿತ್ತು. ಗಂಗುಲಮ್ಮನವರಿಗೆ ಓದಲು ಬರುವುದಿಲ್ಲ; ಆದರೆ ಆ ಹಲಗೆಯಲ್ಲಿ ಎಷ್ಟು ಸಾಲು ತುಂಬಿದೆ, ಎಷ್ಟು ಖಾಲಿ ಎಂಬುದು ಒರೆಸಿದ ಕೈಗೆ ಗೊತ್ತು. ಎಂಬತ್ತೆರಡರ ವಯಸ್ಸಿನಲ್ಲಿಯೂ ಮಗ ಸಂಜೆ ಮನೆಗೆ ಬಂದ ತಕ್ಷಣ ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಎದ್ನೇನಪ್ಪಾ?"

"ಇಲ್ಲಮ್ಮ, ಕೂತವ್ರೆ."

"ಕೂತ್ಕಳ್ಳಿ ಬಿಡು. ನಾನೂ ಕೂತಿವ್ನಿ. ಯಾರ್ ಮೊದ್ಲು ಏಳ್ತೀವೋ ನೋಡಣ."

ನರಸಿಂಹಪ್ಪನವರಿಗೆ ಅರವತ್ತು ತುಂಬಿದ್ದು ಎರಡು ಸಾವಿರದ ಇಪ್ಪತ್ತೆರಡರ ಮೇ ತಿಂಗಳಲ್ಲಿ. ಆಗ ಮುನೇಶರಿಗೆ ಇನ್ನೂ ಎರಡೂವರೆ ವರ್ಷದ ನೌಕರಿ ಬಾಕಿ. ಲೆಕ್ಕ ಸರಿಯಾಗಿತ್ತು. ಅವರ ಹಿಂದೆ ಇನ್ನೊಬ್ಬರು ಅದೇ ಲೆಕ್ಕ ಹಾಕುತ್ತಿದ್ದರು. ಮೇಲ್ವಿಚಾರಕಿ ಯಾಮಿನಿ. ಮೂರು ವರ್ಷದಲ್ಲಿ ಸಹಾಯಕ ವ್ಯವಸ್ಥಾಪಕಿ ಮಾಡುತ್ತೇವೆ ಎಂಬ ಮಾತು ಕೇಳಿ ಕೆಲಸಕ್ಕೆ ಸೇರಿದ ಅವರು ಆಗಲೇ ಹದಿಮೂರನೇ ವರ್ಷದಲ್ಲಿದ್ದರು. ಮುಂದಿನ ಬಾಗಿಲಲ್ಲಿ ಒಬ್ಬರು ಇಳಿಯದೆ ನಿಂತರೆ ಬಸ್ಸೆಲ್ಲ ಹೇಗೆ ಕಟ್ಟಿಕೊಳ್ಳುತ್ತದೋ ಹಾಗೆ ಆ ಕೇಂದ್ರ ಕಟ್ಟಿಕೊಂಡಿತ್ತು.

ಬೀಳ್ಕೊಡುಗೆಯ ದಿನ ಬಂತು. ಸಂಘದಲ್ಲಿ ಒಂದು ಸಂಪ್ರದಾಯ ಇದೆ: ಹೋಗುವವರ ಬಗ್ಗೆ ಅವರ ಕೆಳಗಿನ ದರ್ಜೆಯವರೇ ಮುಖ್ಯ ಮಾತಾಡಬೇಕು. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲವೂ ಸಿದ್ಧ. ಅಧ್ಯಕ್ಷ ರಮೇಶ್‌ಬಾಬು ಅವರು ಎಂಟು ಎಕರೆ ತೋಟದ ಒಡೆಯರು, ಆದರೆ ಕಣ್ಣೀರಿನ ವಿಷಯದಲ್ಲಿ ಬಹಳ ಮೃದು. ಮದುವೆ ವಿಡಿಯೋ ನೋಡಿಯೂ ಅಳುವವರು. ಬೈಲಾ ಪ್ರಕಾರ ಅಧ್ಯಕ್ಷರಿಗೆ ಒಂದು ಅಧಿಕಾರ ಇತ್ತು. ಸಂಘದ ಹಿತ ಎಂದು ಅವರಿಗೆ ತೋರಿದರೆ ನಿವೃತ್ತರಾಗುವವರನ್ನು ಇನ್ನೊಂದು ವರ್ಷ ಮುಂದುವರಿಸಬಹುದು. ಆವರೆಗೆ ಅದನ್ನು ಯಾರೂ ಬಳಸಿರಲಿಲ್ಲ. ಅಂಥದೊಂದು ಅಧಿಕಾರ ಇದೆ ಎಂದು ಅಧ್ಯಕ್ಷರಿಗೂ ನೆನಪಿರಲಿಲ್ಲ.

ಮುನೇಶರು ಎದ್ದು ನಿಂತರು. ತಮ್ಮ ಬಾಳಿನ ಅತ್ಯುತ್ತಮ ಭಾಷಣವನ್ನು ಅವರು ಇಪ್ಪತ್ತು ವರ್ಷದಿಂದ ಮನಸ್ಸಿನಲ್ಲಿ ಸಾಕಿ ಹಣ್ಣು ಮಾಡಿಟ್ಟಿದ್ದರು.

"ರೇಷ್ಮೆಹುಳುವಿಗೆ ತಾಯಿ ಇಲ್ಲ. ಚಿಟ್ಟೆ ಮೊಟ್ಟೆ ಇಟ್ಟು ಕಣ್ಣು ಮುಚ್ಚುತ್ತೆ. ಲಕ್ಷಾಂತರ ತಬ್ಬಲಿಗಳು ಈ ಕೇಂದ್ರಕ್ಕೆ ಬರ್ತವೆ. ಇಪ್ಪತ್ತೈದು ವರ್ಷ ಆ ತಬ್ಬಲಿಗಳಿಗೆ ತಾಯಿ ಆದವರು ಯಾರು? ಮೀಸೆ ಇರೋ ಈ ತಾಯಿ! ನಾಳೆ ಬೆಳಿಗ್ಗೆ ಆ ಹುಳುಗಳು ತಲೆ ಎತ್ತಿ ಈ ತಾಯೀನ ಹುಡುಕಿದ್ರೆ, ನಾನು ಯಾವ ಬಾಯಲ್ಲಿ ಹೇಳಲಿ, ತಾಯಿ ಹೊರಟುಹೋದಳು ಅಂತ?"

ರೇಷ್ಮೆಹುಳು ತಲೆಯೆತ್ತುವುದು ಜ್ವರ ಬಂದಾಗ. ತಾಯಿಯನ್ನು ಹುಡುಕಲು ಅಲ್ಲ. ಸಭೆಯಲ್ಲಿದ್ದ ನಾನೂರು ರೈತರಿಗೂ ಅದು ಗೊತ್ತು. ಆದರೂ ನಾನೂರು ಮಂದಿಯೂ ಮೂಗು ಒರೆಸಿಕೊಂಡರು. ನರಸಿಂಹಪ್ಪನವರು ಮೀಸೆ ಒದ್ದೆ ಮಾಡಿಕೊಂಡರು. ಕರವಸ್ತ್ರ ಪ್ರಯೋಗವಾಯಿತು. ಆಗ ಅಧ್ಯಕ್ಷರು ಬಿಕ್ಕಳಿಸುತ್ತಾ ಮುನೇಶರ ಕೈಯಿಂದ ಮೈಕ್ ಕಿತ್ತುಕೊಂಡರು.

"ತಬ್ಬಲಿ ಮಾಡೋಕೆ ನನ್ ಕೈಲಿ ಆಗಲ್ಲಪ್ಪಾ! ನರಸಿಂಹಪ್ಪನವರು ಎಲ್ಲೂ ಹೋಗಲ್ಲ. ಬೈಲಾದಲ್ಲಿ ಏನೋ ಒಂದು ಐತಂತಲ್ಲ, ಅದರ ಪ್ರಕಾರ ಇನ್ನೊಂದು ವರ್ಷ ಇಲ್ಲೇ ಇರ್ತಾರೆ!"

ಚಪ್ಪಾಳೆಯೋ ಚಪ್ಪಾಳೆ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಮುನೇಶರೇ. ಭಾಷಣಕಾರನ ಅಭ್ಯಾಸ. ಎರಡು ಸಲ ತಟ್ಟಿದ ಮೇಲೆ ಅವರಿಗೆ ಏನಾಯಿತೆಂದು ಅರ್ಥವಾಯಿತು. ಮೂರನೆಯದಕ್ಕೆ ಕೈ ಕೂಡಲಿಲ್ಲ. ಶಾಲು ಪೇಟಗಳನ್ನು ಮಡಿಚಿ, ನುಸಿಗುಳಿಗೆ ಹಾಕಿ, ಮುಂದಿನ ವರ್ಷಕ್ಕೆಂದು ಬೀರುವಿನಲ್ಲಿ ಇಟ್ಟರು. ಹಣ್ಣು ಮಾತ್ರ ಕಾಯುವುದಿಲ್ಲವಾದ್ದರಿಂದ ನರಸಿಂಹಪ್ಪನವರ ಮನೆಗೆ ಹೋಯಿತು.

ಮರುದಿನ ಯಾಮಿನಿ ಸೊಪ್ಪು ಹೆಚ್ಚುವ ಕೋಣೆಯಲ್ಲಿ ಮುನೇಶರನ್ನು ಹಿಡಿದು ನಿಲ್ಲಿಸಿದರು.

"ಏನ್ ಸಾರ್ ಅದು? ಬಾಗಿಲು ತೆಗೆದು ಕಳ್ಸಿ ಅಂದ್ರೆ ಚಿಲಕ ಹಾಕಿ ಬಂದ್ರಲ್ಲ."

"ಭಾಷಣ ಸ್ವಲ್ಪ ಜಾಸ್ತಿ ಆಯ್ತು ಕಣಮ್ಮ."

"ಸ್ವಲ್ಪಾನಾ? ನನಗೇ ಅವರು ಇರ್ಲಿ ಅನ್ನಿಸ್ಬಿಡ್ತು ಸಾರ್! ಮೊಟ್ಟೇನೂ ಹತ್ತು ಹನ್ನೊಂದು ದಿನಕ್ಕೆ ಒಡೀತದೆ. ನಾನು ಹದಿಮೂರು ವರ್ಷದಿಂದ ಅದರೊಳಗೇ ಇದ್ದೀನಿ. ಆ ಚಿಂತಾಮಣಿ ಕಂಡಕ್ಟರನ್ನ ಕರ್ಕೊಂಡ್ ಬಂದು ಮುಂದೆ ಹೋಗಿ ಅಂತ ಕೂಗಿಸ್ಬೇಕಿತ್ತು."

ಮುಂದಿನ ವರ್ಷದ ಮೇ ತಿಂಗಳಿಗೆ ಮುನೇಶರು ಹೊಸ ವ್ಯೂಹ ರಚಿಸಿದರು. ಈ ಸಲ ನರಸಿಂಹಪ್ಪನವರ ಸೇವೆಯನ್ನು ಹೊಗಳುವುದಿಲ್ಲ. ಅವರಿಗೆ ಕಾದಿರುವ ವಿಶ್ರಾಂತಿಯನ್ನು ಹೊಗಳುವುದು. ಅಧ್ಯಕ್ಷರಿಗೆ ಅವರನ್ನು ಮನೆಗೆ ಕಳಿಸದಿರುವುದೇ ಪಾಪ ಅನ್ನಿಸಬೇಕು. ಬೀರುವಿನಿಂದ ಶಾಲು ಬಂತು, ಸಣ್ಣಗೆ ನುಸಿಗುಳಿಗೆಯ ವಾಸನೆ ಹೊಡೆಯುತ್ತಾ. ಮುನೇಶರು ಸೊಗಸಾಗಿ ಬಣ್ಣಿಸಿದರು: ಬೆಳಗಿನ ಬಿಸಿಲು, ಮನೆಯ ಜಗುಲಿ, ಮೊಮ್ಮಕ್ಕಳು, ಇಷ್ಟು ವರ್ಷ ಕಾಯ್ದ ಹೆಂಡತಿಯ ಕೈಯ ಬಿಸಿ ರೊಟ್ಟಿ, ಇನ್ನು ದಿನವಿಡೀ ಗಂಡ ಹೆಂಡತಿ ಎದುರೆದುರು.

ವ್ಯೂಹ ಫಲಿಸುತ್ತಿತ್ತು. ಅಧ್ಯಕ್ಷರ ಕಣ್ಣು ತುಂಬಿದ್ದು ಸರಿಯಾದ ಕಾರಣಕ್ಕೆ. ಅಷ್ಟರಲ್ಲಿ ಮಹಿಳೆಯರ ಸಾಲಿನಿಂದ ನರಸಿಂಹಪ್ಪನವರ ಹೆಂಡತಿ ಚಿಕ್ಕವೆಂಕಟಮ್ಮನವರು ಎದ್ದು ನಿಂತರು.

"ಏಮಪ್ಪಾ ಮುನೇಶಾ, ಏನ್ ಹೇಳ್ತಾ ಇದ್ದೀಯ ನೀನು? ದಿನವಿಡೀ ಎದುರೆದುರಾ? ಭಾನುವಾರ ಒಂದು ದಿನ ಮನೇಲಿದ್ರೆ ನನ್ ಅಡುಗೆಮನೆ ಡಬ್ಬಿಗಳನ್ನೆಲ್ಲ ಸಾಲಾಗಿ ಜೋಡ್ಸಿ ಚೀಟಿ ಅಂಟಿಸ್ತಾರೆ. ಉಪ್ಪು, ಅಂತ. ನನಗೆ ಉಪ್ಪು ಯಾವುದು ಗೊತ್ತಿಲ್ವ? ಅಧ್ಯಕ್ಷರೇ, ನಿಮ್ ಕಾಲಿಗೆ ಬೀಳ್ತೀನಿ. ಹುಳಾನೂ ಅವರೂ ಚೆನ್ನಾಗವ್ರೆ. ನೀವೇ ಇಟ್ಕೊಳ್ಳಿ."

ಸಭೆ ನಕ್ಕು ನಕ್ಕು ಸುಸ್ತಾಯಿತು. ಅಧ್ಯಕ್ಷರು ಕಣ್ಣೀರು ಒರೆಸಿಕೊಂಡು, ಹೆಣ್ಣುಮಗಳ ಮಾತು ಮೀರಲಾಗದು ಎಂದು ಇನ್ನೊಂದು ವರ್ಷ ಘೋಷಿಸಿದರು. ಶಾಲು ಬೀರುವಿಗೆ ಹೋಯಿತು.

ಈಗ ಲೆಕ್ಕ ಬಿಗಿಯಾಯಿತು. ಇಪ್ಪತ್ನಾಲ್ಕರ ಡಿಸೆಂಬರಿಗೆ ಮುನೇಶರ ಅರವತ್ತು. ಇಪ್ಪತ್ನಾಲ್ಕರ ಮೇ ತಿಂಗಳಲ್ಲಿ ನರಸಿಂಹಪ್ಪ ಎದ್ದರೆ ಏಳು ತಿಂಗಳ ಕುರ್ಚಿ, ಹಲಗೆಯಲ್ಲಿ ಒಂದು ಸಾಲು. ಏಳದಿದ್ದರೆ ಏನೂ ಇಲ್ಲ.

"ಸಾರ್, ಅವರು ಯಾಕೆ ಏಳ್ತಾರೆ ಹೇಳಿ?" ಎಂದು ಒಂದು ದಿನ ಯಾಮಿನಿ ಕೇಳಿದರು. "ಷೆಡ್ಡಿನ ಶಾಖ ನೋಡೋರು ನೀವು. ರೈತರ ಫೋನ್ ಎತ್ತೋರು ನೀವು. ಮೊಟ್ಟೆ ತರಿಸೋ ಇಂಡೆಂಟ್ ಬರೆಯೋರು ನೀವು. ಅವರು ಸಹಿ ಹಾಕಿ ಪೇಪರ್ ಓದ್ತಾರೆ. ಅಂಥ ಕುರ್ಚೀನ ದೇವರು ಬಂದ್ರೂ ಬಿಡಲ್ಲ. ಒಂದ್ ಹತ್ತು ದಿನ ರಜಾ ಹಾಕಿ ಹೋಗಿ. ಕುರ್ಚಿ ಅಡಿ ಮುಳ್ಳು ಇದೆ ಅಂತ ಗೊತ್ತಾಗ್ಲಿ."

ಮುನೇಶರು ಮೂವತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಹತ್ತು ದಿನದ ರಜೆ ಹಾಕಿ, ತಾಯಿಯನ್ನು ಕರೆದುಕೊಂಡು ನಗರಗೆರೆಯ ಅಕ್ಕನ ಮನೆಗೆ ಹೋದರು. ಫೋನ್ ಎತ್ತುವುದಿಲ್ಲ ಎಂದು ಪ್ರತಿಜ್ಞೆ ಮಾಡಿದ್ದರು. ಮೊದಲ ದಿನ ಹದಿನಾರು ಕರೆ, ಎತ್ತಲಿಲ್ಲ. ಎರಡನೆಯ ದಿನ ಇಪ್ಪತ್ತೆರಡು, ಎತ್ತಲಿಲ್ಲ. ಆದರೆ ಅಕ್ಕ ಮಾಡಿದ ಮುದ್ದೆಯ ಮುಂದೆ ಕೂತೂ ಫೋನನ್ನೇ ನೋಡುತ್ತಿದ್ದರು. ಮೂರನೆಯ ದಿನ ಬೆಳಿಗ್ಗೆ ಯಾಮಿನಿಯವರದೇ ಕರೆ ಬಂತು. ರಜೆ ಹಾಕಿಸಿದವರೇ ಮಾಡುತ್ತಿದ್ದಾರೆಂದ ಮೇಲೆ ಎತ್ತಲೇಬೇಕಾಯಿತು.

"ಸಾರ್, ಹುಳ ಎರಡನೇ ಜ್ವರಕ್ಕೆ ಕೂತವೆ. ನರಸಿಂಹಪ್ಪನವರು ಷೆಡ್ಡಿಗೆ ಬಂದು, ಪಾಪ, ತಿನ್ನದೆ ಹಂಗೇ ಕೂತವಲ್ಲ, ಸೊಪ್ಪು ಹಾಕ್ಸಿ ಅಂತಾವ್ರೆ. ನಾನು ಬೇಡ ಅಂದ್ರೆ, ಮ್ಯಾನೇಜರ್ ಯಾರು ಅಂತ ಕೇಳ್ತಾವ್ರೆ."

ಜ್ವರದಲ್ಲಿರುವ ಹುಳುವಿನ ಮೇಲೆ ಹಸಿ ಸೊಪ್ಪು ಹಾಸಿದರೆ ಕೆಲವು ಬೇಗ ಏಳುತ್ತವೆ, ಕೆಲವು ಹಿಂದೆ ಬೀಳುತ್ತವೆ, ತೇವಕ್ಕೆ ರೋಗ ಹತ್ತುತ್ತದೆ. ಕೊನೆಗೆ ನಷ್ಟ ಅರವತ್ತು ಮನೆಗಳ ಬೆಳೆಗೆ. ಯಾಮಿನಿಯವರ ವ್ಯೂಹ ನೂರಕ್ಕೆ ನೂರು ಫಲಿಸಿತ್ತು. ಇನ್ನು ಸುಮ್ಮನಿದ್ದರೆ ಸಾಕು, ನರಸಿಂಹಪ್ಪನವರ ಯೋಗ್ಯತೆ ನಾಲ್ಕೇ ದಿನದಲ್ಲಿ ಇಡೀ ತಾಲ್ಲೂಕಿಗೆ ಗೊತ್ತಾಗುತ್ತಿತ್ತು. ಮುನೇಶರು ಅಂಗಳದಲ್ಲಿ ಎರಡು ಸುತ್ತು ಹಾಕಿದರು. ಮೂರನೇ ಸುತ್ತಿಗೆ ಚಪ್ಪಲಿ ಮೆಟ್ಟಿದರು.

"ಓಗು," ಎಂದರು ಗಂಗುಲಮ್ಮ, ಜಗುಲಿಯಿಂದಲೇ. "ನಿನ್ ಕೈಲಿ ಆಗಲ್ಲ ಅಂತ ಬರೋವಾಗ್ಲೇ ಗೊತ್ತಿತ್ತು. ನಾನು ಇನ್ನೊಂದು ವಾರ ಇದ್ದು ಬತ್ತೀನಿ. ನಂಗಾದ್ರೂ ರಜಾ ಇರ್ಲಿ."

ನಗರಗೆರೆಯಿಂದ ಗೌರಿಬಿದನೂರು, ಅಲ್ಲಿಂದ ಮಂಚೇನಹಳ್ಳಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ. ಸಂಜೀವಿನಿ ಪರ್ವತ ಹೊತ್ತು ಹಾರಿದವನಿಗೂ ಇಷ್ಟು ಬಸ್ ಬದಲಾಯಿಸುವ ಕಷ್ಟ ಇರಲಿಲ್ಲ. ಮಧ್ಯಾಹ್ನ ಮೂರಕ್ಕೆ ಮುನೇಶರು ಷೆಡ್ಡಿನ ಬಾಗಿಲಲ್ಲಿ ಇಳಿದಾಗ ಸೊಪ್ಪಿನ ಕುಕ್ಕೆಗಳು ಒಳಗೆ ಬರುತ್ತಿದ್ದವು. ಅವನ್ನು ಹೊರಗೆ ಕಳಿಸಿ, ಸುಣ್ಣ ಉದುರಿಸಿ, ಕಿಟಕಿ ತೆಗೆಸಿದರು. ಹುಳು ಉಳಿದವು. ನರಸಿಂಹಪ್ಪನವರು ಅವರ ಬೆನ್ನು ತಟ್ಟಿ, "ನೀನಿದ್ದೀಯ ಅಂತಾನೇ ಕಣೋ ನಾನು ಧೈರ್ಯವಾಗಿ ಇಲ್ಲಿ ಕೂತಿರೋದು" ಎಂದರು. ಮನಃಪೂರ್ವಕವಾಗಿಯೇ ಅಂದರು. ಮುನೇಶರ ಪಾಲಿಗೆ ಅದಕ್ಕಿಂತ ಕ್ರೂರ ವಾಕ್ಯ ಇನ್ನೊಂದಿರಲಾರದು.

ಮೂರನೆಯ ಬೀಳ್ಕೊಡುಗೆಗೆ ಭಾಷಣವನ್ನು ಯಾಮಿನಿ ಬರೆದರು. ಒಂದು ಹಾಳೆ, ನಾಲ್ಕು ವಾಕ್ಯ. "ಶ್ರೀಯುತರು ದಿನಾಂಕ ಇಂತಿಷ್ಟರಂದು ಸೇವೆಗೆ ಸೇರಿರುತ್ತಾರೆ. ಸದರಿಯವರು ವಹಿಸಿದ ಕರ್ತವ್ಯಗಳನ್ನು ನಿರ್ವಹಿಸಿರುತ್ತಾರೆ. ಈ ದಿನ ವಯೋನಿವೃತ್ತಿ ಹೊಂದಿರುತ್ತಾರೆ. ಶುಭವಾಗಲಿ."

"ಇದನ್ನ ಓದಿ ಕೂತ್ಕೊಳ್ಳಿ ಸಾರ್. ತಲೆ ಎತ್ಬೇಡಿ. ಯಾರ ತಾಯೀನೂ ಕರೀಬೇಡಿ. ಕರ್ಚೀಫು ನನ್ ಕೈಗೆ ಕೊಡಿ."

ಕರವಸ್ತ್ರ ಒಪ್ಪಿಸಿ ನಿಶ್ಶಸ್ತ್ರರಾಗಿ ಮುನೇಶರು ವೇದಿಕೆ ಹತ್ತಿದರು. ಮೊದಲ ವಾಕ್ಯ ಓದಿದರು. ಸಭೆ ತಮಾಷೆಗೆ ಕಾಯಿತು. ಎರಡನೆಯದು ಓದಿದರು. ಅಧ್ಯಕ್ಷರು ಆಕಳಿಸಿದರು. ಸೊಪ್ಪು ಹೆಚ್ಚುವ ಹುಡುಗಿ ಜಯಲಕ್ಷ್ಮಿ ಹಾರ ಹಿಡಿದು ವೇದಿಕೆಯ ಮೆಟ್ಟಿಲವರೆಗೆ ಬಂದಿದ್ದಳು. ಮೂರನೆಯದನ್ನು ಓದುವ ಮುಂಚೆ, ನೋಡಲೇಬಾರದಿದ್ದ ಒಂದು ಕಡೆ ಅವರ ಕಣ್ಣು ಹೋಯಿತು. ನರಸಿಂಹಪ್ಪನವರು ಪೇಟ ಹಾಕಿಕೊಂಡು, ಕೈ ಕಟ್ಟಿಕೊಂಡು, ಪರೀಕ್ಷೆಯಲ್ಲಿ ತನ್ನ ನಂಬರು ಕಾಣದ ಹುಡುಗನ ಮುಖ ಮಾಡಿಕೊಂಡು ಕೂತಿದ್ದರು.

"ಏನ್ ಮುನೇಶಾ," ಎಂದರು, ಮೈಕಿಗೆ ಕೇಳಿಸದಷ್ಟು ಸಣ್ಣಗೆ. "ಊರವರಿಗೆಲ್ಲ ಅಷ್ಟು ಮಾತಾಡ್ತೀಯ. ನನಗೆ ಚೀಟಿ ನೋಡ್ಕೊಂಡಾ?"

ಮುನೇಶರು ಹಾಳೆಯನ್ನು ಮಡಿಚಿದರು. ಮೂರನೆಯ ಸಾಲಿನಲ್ಲಿ ಯಾಮಿನಿ ಕಣ್ಣು ಮುಚ್ಚಿಕೊಂಡರು.

"ನಾನು ಇಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಮೇಜು ಹೊಸ್ತಿಲಾಚೆ ಇತ್ತು," ಎಂದರು ಮುನೇಶರು. "ನಮ್ಮಮ್ಮ ಸೊಪ್ಪು ಇಳಿಸ್ತಿದ್ದ ಜಾಗದಲ್ಲೇ. ಯಾರೂ ಏನೂ ಹೇಳಿರಲಿಲ್ಲ, ಅಲ್ಲೇ ಇಟ್ಟಿದ್ದರು, ನಾನೂ ಅಲ್ಲೇ ಕೂತೆ. ತೊಂಬತ್ತೇಳರಲ್ಲಿ ಇವರು ಮ್ಯಾನೇಜರ್ ಆದ ದಿನ ಬಂದು ನೋಡಿದರು. ಮೇಜಿನ ಒಂದು ತುದಿ ಎತ್ತಿ, ಇನ್ನೊಂದು ತುದಿ ಹಿಡ್ಕೋಳೋ ಅಂದರು. ಇಬ್ಬರೂ ಸೇರಿ ಒಳಗಿಟ್ಟೆವು. ಅಷ್ಟೇ. ಭಾಷಣ ಮಾಡಲಿಲ್ಲ, ಫೋಟೋ ತೆಗೆಸಲಿಲ್ಲ. ಈ ಕಥೆ ನಾನು ಇವತ್ತಿನವರೆಗೆ ಯಾವ ಸಭೆಯಲ್ಲೂ ಹೇಳಿಲ್ಲ."

ಅದು ನಿಜವಾಗಿತ್ತು. ಆದ್ದರಿಂದಲೇ ಕರವಸ್ತ್ರದ ಅಗತ್ಯ ಬೀಳಲಿಲ್ಲ. ನೂರಾರು ಮಂದಿಯನ್ನು ಅಳಿಸಿದ ಮುನೇಶರು ಅಂದು ಮೊದಲ ಸಲ ತಾವೇ ಅತ್ತರು. ಆಮೇಲೆ ಏನಾಯಿತೆಂದು ಹೇಳಬೇಕಾಗಿಲ್ಲ. ಅಧ್ಯಕ್ಷರು ಎದ್ದು ಇಬ್ಬರನ್ನೂ ತಬ್ಬಿಕೊಂಡರು, ಇಂಥ ಜೋಡಿಯನ್ನು ಅಗಲಿಸಿದರೆ ತಮಗೆ ನರಕ ಎಂದರು. ಇನ್ನೊಂದು ವರ್ಷ. ಶಾಲಿಗೆ ಬೀರುವಿನ ದಾರಿ ಅಷ್ಟರಲ್ಲಿ ಬಾಯಿಪಾಠವಾಗಿತ್ತು.

ಸಂಜೆ ಮನೆಯಲ್ಲಿ ಗಂಗುಲಮ್ಮನವರು ಎಂದಿನ ಪ್ರಶ್ನೆ ಕೇಳಲಿಲ್ಲ. ಮಗನ ಮುಖ ನೋಡಿದರು.

"ಏನಂತ ಮಾತಾಡ್ದೆ?"

"ಮೇಜಿನ ವಿಷಯ ಹೇಳ್ದೆ."

"ಅದನ್ನ ಹೇಳ್ಬೇಕಾದ್ದೇ ಬಿಡು," ಎಂದರು ತಾಯಿ. "ಆದ್ರೆ ಅವನು ಎದ್ದು ಮನೆಗೋದ್ ಮೇಲೆ ಹೇಳ್ಬೋದಿತ್ತು," ಎಂದೂ ಸೇರಿಸಿದರು.

ಡಿಸೆಂಬರಿನ ಕೊನೆಯ ದಿನ ಮುನೇಶರ ಸರದಿ. ಅದೇ ಶಾಮಿಯಾನ, ಅದೇ ಅಧ್ಯಕ್ಷರು. ಶಾಲು ಮಾತ್ರ ಹೊಸದು. ಹಳೆಯದು ನರಸಿಂಹಪ್ಪನವರಿಗೆ ಮೀಸಲು. ಅವರು ಅರವತ್ತೆರಡೂವರೆಯ ವಯಸ್ಸಿನಲ್ಲಿ, ವ್ಯವಸ್ಥಾಪಕರಾಗಿ, ತಮಗಿಂತ ಕಿರಿಯ ಸಹೋದ್ಯೋಗಿಯ ನಿವೃತ್ತಿಗೆ ವೇದಿಕೆಯ ಮೇಲೆ ಕೂತಿದ್ದರು. ಮುಂದಿನ ಸಾಲಿನಲ್ಲಿ ಗಂಗುಲಮ್ಮ, ಹೊಸ ಸೀರೆ ಉಟ್ಟು.

ಸಂಪ್ರದಾಯದಂತೆ ಕೆಳಗಿನ ದರ್ಜೆಯವರು, ಅಂದರೆ ಯಾಮಿನಿ, ಮಾತಾಡಬೇಕು. ಅವರು ಕೈಚೀಲದಿಂದ ಒಂದು ಹಾಳೆ ತೆಗೆದರು. ನಾಲ್ಕು ಮಡಿಕೆ ಬಿದ್ದ ಹಳೆಯ ಹಾಳೆ. "ಶ್ರೀಯುತರು ದಿನಾಂಕ ಇಂತಿಷ್ಟರಂದು ಸೇವೆಗೆ ಸೇರಿರುತ್ತಾರೆ," ಎಂದು ಶುರು ಮಾಡಿ, ನಾಲ್ಕೇ ವಾಕ್ಯ ಓದಿ, "ಶುಭವಾಗಲಿ" ಎಂದು ಕೂತರು. ಒಂದು ಕಣ್ಣು ಒದ್ದೆಯಾಗಲಿಲ್ಲ. ಮುನೇಶರಿಗೆ ಒಳಗೊಳಗೇ ಹೆಮ್ಮೆ ಅನ್ನಿಸಿತು.

ಆದರೆ ಅಧ್ಯಕ್ಷರಿಗೆ ಅಷ್ಟರಲ್ಲಿ ಅಭ್ಯಾಸ ಬಲಿತಿತ್ತು. ಅಳುವುದಕ್ಕೆ ಅವರಿಗೆ ಭಾಷಣ ಬೇಕಾಗಿರಲಿಲ್ಲ, ಶಾಲು ಕಂಡರೆ ಸಾಕು. ಅವರು ಮೈಕ್ ಹಿಡಿದರು.

"ನರಸಿಂಹಪ್ಪ, ಮುನೇಶ, ಇವರಿಬ್ಬರೂ ಜೋಡೆತ್ತು! ಒಂದು ಎತ್ತನ್ನ ಬಿಚ್ಚಿ ಒಂದರಲ್ಲೇ ಉಳೋಕಾಗುತ್ತಾ? ಮುನೇಶರಿಗೂ ಸಹಾಯಕ ವ್ಯವಸ್ಥಾಪಕರಾಗೇ ಒಂದು ವರ್ಷ ಮುಂದುವರಿಕೆ!"

ಚಪ್ಪಾಳೆಯ ಮಳೆ. ನರಸಿಂಹಪ್ಪನವರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಅವರ ಧೈರ್ಯವೆಲ್ಲ ಮರಳಿ ಬಂದಿತ್ತು. ಮುನೇಶರು ಮೂರನೆಯ ಸಾಲು ನೋಡಿದರು. ಯಾಮಿನಿಯೂ ಚಪ್ಪಾಳೆ ತಟ್ಟುತ್ತಿದ್ದರು. ಎರಡು ಸಲ ತಟ್ಟಿದರು. ಮೂರನೆಯದಕ್ಕೆ ಕೈ ಕೂಡಲಿಲ್ಲ.

ಆ ಕೈಗಳನ್ನು ಮುನೇಶರು ಚೆನ್ನಾಗಿ ಬಲ್ಲರು. ಎರಡೂವರೆ ವರ್ಷದ ಹಿಂದೆ ಅವು ಅವರವೇ ಆಗಿದ್ದವು.

ಅವರು ಎದ್ದು ಮೈಕಿನ ಹತ್ತಿರ ಬಂದರು. ಸಭೆ ಕರವಸ್ತ್ರ ತೆಗೆದಿಟ್ಟುಕೊಂಡಿತು.

"ಅಧ್ಯಕ್ಷರೇ, ನೂರ ನಲವತ್ಮೂರು ಜನರನ್ನ ನಾನು ಕಳಿಸಿಕೊಟ್ಟಿದ್ದೀನಿ. ನೂರ ನಲವತ್ಮೂರು ಸಲವೂ, ಇವರು ಹೋದರೆ ಈ ಜಾಗ ಅನಾಥ ಅಂತ ಹೇಳಿದ್ದೀನಿ. ಒಂದು ಸಲವೂ ಆಗಲಿಲ್ಲ. ಪೋಸ್ಟ್‌ಮನ್ ಹೋದರು, ಕಾಗದ ಬಂತು. ಕಂಡಕ್ಟರ್ ಇಳಿದರು, ಬಸ್ ಹೊರಟಿತು. ನಾನು ಹೇಳಿದ್ದೆಲ್ಲ ಪ್ರೀತಿಗೆ ಹೇಳಿದ ಸುಳ್ಳು. ನಿಜ ಹೇಳ್ತೀನಿ: ನಾನು ಹೋದರೆ ಸಂಘಕ್ಕೆ ಏನೂ ಆಗಲ್ಲ. ನನ್ನ ಕೆಲಸವೆಲ್ಲ ಯಾಮಿನಿಯವರಿಗೆ ಬರುತ್ತೆ, ನನಗಿಂತ ಚೆನ್ನಾಗೇ ಬರುತ್ತೆ. ಅವರು ನಿಂತು ಹದಿನೈದು ವರ್ಷ ಆಯ್ತು. ನಾನು ಇಳೀತೀನಿ. ನಿಮ್ಮ ಒಂದು ವರ್ಷ ನನಗೆ ಬೇಡ."

ಬೀಳ್ಕೊಡುಗೆ ಸಭೆಯಲ್ಲಿ ಇಂಥ ಮಾತು ಯಾರೂ ಕೇಳಿರಲಿಲ್ಲ. ಅಳಬೇಕೋ ಬೇಡವೋ ತಿಳಿಯದೆ ಅಧ್ಯಕ್ಷರು ಪಕ್ಕದವರ ಮುಖ ನೋಡಿದರು. ಮುನೇಶರು ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು, ಸಂಪ್ರದಾಯ ತಪ್ಪಬಾರದೆಂದು ತಮ್ಮ ಒಂದು ಕೈಯಿಂದ ಇನ್ನೊಂದು ಕೈಗೆ ಇಟ್ಟುಕೊಂಡು, ಮೆಟ್ಟಿಲಿಳಿದರು. ನೂರ ನಲವತ್ನಾಲ್ಕು.

ಹೊರಡುವ ಮುಂಚೆ ಗಂಗುಲಮ್ಮನವರು ಆ ಕೋಣೆಗೆ ಹೋಗಬೇಕೆಂದರು. ಮಗನ ತೋಳು ಹಿಡಿದು ಹೊಸ್ತಿಲು ದಾಟಿ, ಹಲಗೆಯ ಮುಂದೆ ನಿಂತು, ನಾಲ್ಕನೆಯ ಸಾಲಿನ ಖಾಲಿ ಜಾಗವನ್ನು ಸೆರಗಿನ ತುದಿಯಿಂದ ಒಮ್ಮೆ ಒರೆಸಿದರು.

"ಹೋಗ್ಲಿ ಬಿಡಪ್ಪ," ಎಂದರು. "ಇದರ ಹಿಂದ್ಗಡೆ ನಾನು ಒರೆಸ್ತಿದ್ದಾಗ್ಲೇ ಗೆದ್ಲು ಹಿಡಿದಿತ್ತು. ಯಾರಿಗೂ ಹೇಳಿರ್ಲಿಲ್ಲ."

ಮಾರ್ಚ್ ತಿಂಗಳಲ್ಲಿ ಒಂದು ಮಧ್ಯಾಹ್ನ ಯಾಮಿನಿಯವರ ಫೋನ್ ಬಂತು. ಅವರು ಸಹಾಯಕ ವ್ಯವಸ್ಥಾಪಕಿಯಾಗಿ ಮೂರು ತಿಂಗಳಾಗಿತ್ತು. ಅವರು ತಮ್ಮ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಿದ್ದರು. ವ್ಯವಸ್ಥಾಪಕರ ಕೆಲಸವನ್ನು ಅಷ್ಟೇ ಅಚ್ಚುಕಟ್ಟಾಗಿ ವ್ಯವಸ್ಥಾಪಕರ ಮೇಜಿನ ಮೇಲೆ ಇಟ್ಟು ಬರುತ್ತಿದ್ದರು. ಹುಳುವಿನ ಹತ್ತಿರ ಮಾತ್ರ ನರಸಿಂಹಪ್ಪನವರನ್ನು ಬಿಡುತ್ತಿರಲಿಲ್ಲ.

"ಸಾರ್, ನರಸಿಂಹಪ್ಪನವರು ಮೂರು ತಿಂಗಳಿಂದ ರೈತರ ಫೋನ್ ತಾವೇ ಎತ್ತುತಾವ್ರೆ. ಕಿವಿ ನೋವಂತೆ. ಇಂಡೆಂಟ್ ಬರೆದು ಬೆರಳು ನೋವಂತೆ. ಇವತ್ತು ಅವರೇ ಅರ್ಜಿ ಕೊಟ್ರು. ಮೇವರೆಗೂ ಆಗಲ್ವಂತೆ, ಈ ತಿಂಗಳೇ ಬಿಡ್ತಾರಂತೆ. ಚಿಕ್ಕವೆಂಕಟಮ್ಮನವರು ಅಡುಗೆಮನೆಗೆ ಬೀಗ ಮಾಡಿಸ್ತಾವ್ರೆ."

ಮುನೇಶರು ನಗಲಾರಂಭಿಸಿದವರು ಬಹಳ ಹೊತ್ತು ನಿಲ್ಲಿಸಲಿಲ್ಲ.

"ಪೇಂಟರಿಗೆ ಹೇಳಿದ್ಯೇನಮ್ಮಾ?"

"ಇನ್ನೂ ಇಲ್ಲ ಸಾರ್. ಮೊದ್ಲು ಹೊಸ ಹಲಗೆ ಮಾಡಿಸ್ಬೇಕು, ಹಳೇದಕ್ಕೆ ಗೆದ್ಲು ಹಿಡಿದೈತೆ. ಸಾರ್, ಮುಖ್ಯ ವಿಷಯ. ಮೂವತ್ತೊಂದಕ್ಕೆ ಬೀಳ್ಕೊಡುಗೆ. ನೀವೇ ಬಂದು ಮಾತಾಡ್ಬೇಕು ಅಂತ ನರಸಿಂಹಪ್ಪನವರು ಹಟ ಹಿಡಿದವ್ರೆ. ಅಧ್ಯಕ್ಷರೂ ಅದೇ ಅಂತಾವ್ರೆ. ಬರ್ತೀರಾ?"

ಮುನೇಶರು ಜಗುಲಿಯ ಮೇಲೆ ಕೂತ ತಾಯಿಯ ಕಡೆ ನೋಡಿದರು. ಆ ಮಾತು, ಆ ಮೈಕು, ಮುಂದಿನ ಸಾಲಿನ ಒದ್ದೆ ಕಣ್ಣುಗಳು ಒಂದು ಕ್ಷಣ ಅವರನ್ನು ಕರೆದವು. ನಾಲಿಗೆಯ ತುದಿಗೆ ಮೊದಲ ವಾಕ್ಯವೂ ಬಂದು ಕೂತಿತು, ಸೊಗಸಾದ ವಾಕ್ಯ.

"ಬೇಡ ಕಣಮ್ಮ," ಎಂದರು. "ನಾನು ಬಂದ್ರೆ ಅವರು ಉಳ್ಕೊಂಡ್ಬಿಡ್ತಾರೆ."